ಗಂಟು ಬಿಚ್ಚಿದ ಮೇಲೆ ಮೊದಲು ಅರಿವೆಯ ಕಸುವು ನೋಡಿ

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಮ್ಮದು ಜತ್ತ ತಾಲೂಕಿನ ಹಳ್ಳಿ. ಅತ್ತೆಯವರ ಇಲಕಲ್ ಸೀರೆ, ಮಾವನವರ ಧೋತರ, ಮನೆಯವರ ಅಂಗಿ, ಮಕ್ಕಳಿಗೆ ಗಿಡ್ಡಾದ ಜೀನ್ಸು, ಟೀ ಶರ್ಟು, ನನ್ನ ಪಾಲಿಸ್ಟರ್ ಸೀರೆ ಎಲ್ಲ ಸೇರಿ ಎರಡು ಗಂಟು ಹಳೇ ಅರಿವೆ ಇದೆ. ತುಳಿಯುವ ಮಷಿನ್ ಮನೆಯಲ್ಲೇ ಇದೆ, ಕುಬಸ ಹೊಲಿಯುವಷ್ಟು ಬರುತ್ತದೆ. ಹುಮ್ಮಸ್ಸಿನಲ್ಲಿ ಮಷಿನ್ ಮೇಲೆ ಒಂದು ಕೌದಿ ಹೊಲಿದೆ. ಕೆಳಗೆ ಹೊಸ ಕಾಟನ್, ನಡುವೆ ಧೋತರ, ಮೇಲೆ ಸೀರೆಯ ತುಂಡು. ಮೊದಲ ಸಲ ಒಗೆದಾಗಲೇ ಒಂದು ಮಗ್ಗುಲು ಮುದುಡಿತು, ಹೊಲಿಗೆಯ ಗುಂಟ ಸೀರೆ ಹರಿದಿದೆ. ಎಲ್ಲಿ ತಪ್ಪಿತು? ಯಾವ ಅರಿವೆಯಿಂದ ಏನು ಹೊಲಿದರೆ ಬಾಳಿಕೆ ಬರುತ್ತದೆ? ಇದಕ್ಕೆಲ್ಲ ಹೊಸ ಮಷಿನ್ ಬೇಕೇ?

ಉತ್ತರ: ಕೌದಿಯಿಂದಲೇ ಶುರು ಮಾಡೋಣ, ತಂಗೀ. ಅದು ಯಾಕೆ ಕೆಟ್ಟಿತು ಅಂತ ತಿಳಿದರೆ ಉಳಿದ ಗಂಟನ್ನು ಹೇಗೆ ವಿಂಗಡಿಸಬೇಕು ಅನ್ನುವುದೂ ತಿಳಿಯುತ್ತದೆ.

ನಿಮ್ಮ ಕೌದಿಯಲ್ಲಿ ಮೂರು ಸಂಗತಿ ಒಂದೇ ಸಲಕ್ಕೆ ಕೂಡಿ ಬಂದಿವೆ. ಮೊದಲನೆಯದು ಮಷಿನ್ನಿನ ನಡಿಗೆ. ಕೆಳಗಿನ ಹಲ್ಲು ತನಗೆ ತಾಗಿದ ಅರಿವೆಯನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಕಾಲು ತನಗೆ ತಾಗಿದ್ದನ್ನು ಒತ್ತಿ ಹಿಡಿಯುತ್ತದೆ. ಕುಬಸದ ಎರಡು ಪದರಕ್ಕೆ ಈ ಜಗ್ಗಾಟ ಗೊತ್ತೇ ಆಗುವುದಿಲ್ಲ. ನಾಲ್ಕೈದು ಪದರ ಇಟ್ಟು ಆರು ಅಡಿ ಉದ್ದ ಹೊಲಿಗೆ ಓಡಿಸಿದರೆ ಕೆಳಗಿನದು ಮುಂದೆ ಹೋಗಿ, ಮೇಲಿನ ಸೀರೆ ಹಿಂದೆ ಬಿದ್ದು, ಕೊನೆಗೆ ಬಂದಾಗ ಎರಡು ಬೆರಳು ಸೀರೆ ಹೆಚ್ಚಿಗೆ ಉಳಿದಿರುತ್ತದೆ. ಆಗ ನಾವೆಲ್ಲ ಮಾಡುವುದು ಒಂದೇ, ಹೆಚ್ಚಾದದ್ದನ್ನು ಒಳಗೆ ತುರುಕಿ ಹೊಲಿದುಬಿಡುವುದು. ಒಗೆದ ಮೇಲೆ ಉಂಡೆಯಾಗುವುದು ಅದೇ.

ಎರಡನೆಯದು ಹೊಸ ಕಾಟನ್. ಒಗೆಯದ ಕಾಟನ್ ಅರಿವೆ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಆರು ಅಡಿ ಕೌದಿಗೆ ಲೆಕ್ಕ ಹಾಕಿದರೆ ಎರಡರಿಂದ ಮೂರೂವರೆ ಇಂಚು. ಅತ್ತೆಯವರ ಸೀರೆ ಕುಗ್ಗುವುದನ್ನೆಲ್ಲ ಯಾವಾಗಲೋ ಕುಗ್ಗಿ ಮುಗಿಸಿದೆ. ಕೆಳಗಿನದು ಕುಗ್ಗಿತು, ಮೇಲಿನದು ಹಾಗೇ ನಿಂತಿತು. ಎಳೆದಾಟದಲ್ಲಿ ಕಸುವಿಲ್ಲದ್ದು ಸೋತಿತು.

ಮೂರನೆಯದು ದಾರ ಮತ್ತು ಟಾಕೆ. ಕುಬಸಕ್ಕೆ ಇಡುವ ಸಣ್ಣ ಟಾಕೆಯನ್ನೇ ಇಟ್ಟು, ರೀಲಿನ ಪಾಲಿಸ್ಟರ್ ದಾರ ಹಾಕಿ ಹೊಲಿದಿರುತ್ತೀರಿ ಅಂತ ನನ್ನ ಊಹೆ. ಸವೆದ ಸೀರೆಗೆ ಇಂಚಿಗೆ ಹನ್ನೆರಡು ತೂತು ಬಿದ್ದರೆ ಅದು ಅಂಚೆಚೀಟಿಯ ಹಾಳೆಯ ಹಾಗೆ, ಗೆರೆ ಹಿಡಿದು ಹರಿಯಲು ತಯಾರಾಗಿ ನಿಲ್ಲುತ್ತದೆ. ಮೇಲೆ ಪಾಲಿಸ್ಟರ್ ದಾರ ಹಳೇ ನೂಲಿಗಿಂತ ಗಟ್ಟಿ. ಜಗ್ಗಿದಾಗ ದಾರ ಕಡಿಯುವುದಿಲ್ಲ, ಅರಿವೆಯನ್ನು ಕೊಯ್ಯುತ್ತದೆ. ಹಳೇ ಅರಿವೆಯ ಹೊಲಿಗೆಯಲ್ಲಿ ದಾರವೇ ಮೊದಲು ಹರಿಯಬೇಕು. ದಾರ ಹೋದರೆ ಮತ್ತೆ ನಾಲ್ಕು ಟಾಕೆ ಹಾಕಬಹುದು, ಅರಿವೆ ಹೋದರೆ ತೇಪೆಯೇ ಗತಿ.

ಹಾಗಂತ ಆ ಕೌದಿಯನ್ನು ಎಸೆಯಬೇಡಿ. ಈಗಾಗಲೇ ಒಂದು ನೀರು ಕಂಡಿರುವುದರಿಂದ ಅದರ ಹೊಸ ಕಾಟನ್ ಇನ್ನು ಅಷ್ಟು ಕುಗ್ಗುವುದಿಲ್ಲ. ಮುದುಡಿದ ಮಗ್ಗುಲಿನ ಹೊಲಿಗೆಯನ್ನಷ್ಟೇ ಬಿಚ್ಚಿ. ಹರಿದ ಗೆರೆಯ ಮೇಲೆ ಎರಡೂ ಕಡೆ ಒಂದೊಂದು ಇಂಚು ಹೆಚ್ಚಿರುವ ತೇಪೆ ಇಟ್ಟು, ತೇಪೆಯ ಅಂಚು ಒಳಮಡಚಿ ಕೈಯಿಂದ ಹೊಲಿಯಿರಿ. ತೇಪೆಯ ಅರಿವೆಯೂ ಹಳೆಯದೇ ಇರಲಿ, ಸೀರೆಯಷ್ಟೇ ತೆಳುವಿರಲಿ. ಸವೆದ ಸೀರೆಗೆ ಜೀನ್ಸಿನ ತೇಪೆ ಹಾಕಿದರೆ ಮುಂದಿನ ಒಗೆತಕ್ಕೆ ತೇಪೆಯ ಸುತ್ತಲೇ ಹೊಸ ಹರಿಕು ಬೀಳುತ್ತದೆ.

ಇನ್ನು ಮುಂದಿನ ಕೌದಿ ಕೈಯಲ್ಲೇ ಹೊಲಿಯಿರಿ. ಇದು ಹಳೆಯದರ ಮೇಲಿನ ಮೋಹದ ಮಾತಲ್ಲ. ಕೈಹೊಲಿಗೆಯಲ್ಲಿ ಅರಿವೆ ನೆಲದ ಮೇಲೆ ಅಲುಗದೆ ಬಿದ್ದಿರುತ್ತದೆ, ಸೂಜಿಯೇ ಅದರ ಮೇಲೆ ಓಡಾಡುತ್ತದೆ. ಮಷಿನ್ನಿನಲ್ಲಿ ಸೂಜಿ ನಿಂತಲ್ಲೇ ನಿಂತು ಅಷ್ಟು ಭಾರದ ಅರಿವೆಯೆಲ್ಲ ಓಡಾಡಬೇಕು. ಪದರ ಸರಿದಾಡುವುದು ಅದಕ್ಕೇ.

ಅಳತೆಗೆ ಒಂದು ಸುಲಭದ ಲೆಕ್ಕ ಇದೆ. ಒಂಬತ್ತು ವಾರದ, ಅಂದರೆ ಒಂಬತ್ತು ಗಜದ ಸೀರೆ 27 ಅಡಿ. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದರೆ ಏಳು ಅಡಿಗೆ ಮೂರು ಇಂಚು ಕಡಿಮೆ, ಸೀರೆಯ ಅಗಲವೇ ಕೌದಿಯ ಅಗಲ. ಒಬ್ಬರು ಹೊದ್ದು ಮಲಗುವ ನಾಲ್ಕು ಪದರದ ಕೌದಿ ಒಂದೇ ಸೀರೆಯಲ್ಲಿ ಕೂತಿತು. ಆದರೆ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಕೂರುವ ಜಾಗ, ಕಾಲಿಗೆ ಬಡಿಯುವ ನಿರಿಗೆಯ ಕೆಳಗಿನ ಅಂಚು ಮೊದಲು ಹೋಗುತ್ತವೆ. ಒಳಗೆ ಸಿಕ್ಕಿಸುವ ತುದಿ ಬಹಳ ದಿನ ಗಟ್ಟಿ ಇರುತ್ತದೆ. ಮಡಿಕೆ ಹಾಕುವಾಗ ಸವೆದ ಭಾಗ ನಡುವಿನ ಪದರಕ್ಕೆ ಬರಲಿ, ಗಟ್ಟಿ ಭಾಗ ಮೇಲಕ್ಕೂ ಕೆಳಕ್ಕೂ ಬರಲಿ. ಮೈಗೆ, ನೆಲಕ್ಕೆ ತಿಕ್ಕುವುದು ಈ ಎರಡೇ ಪದರ. ನಡುವಿನವು ಬರೀ ಬೆಚ್ಚಗಿಡಲು ಇರುವವು, ಅಲ್ಲಿ ಧೋತರದ ಹರುಕೂ ನಡೆಯುತ್ತದೆ.

ಪಡಸಾಲೆಯ ನೆಲದ ಮೇಲೆ ಪದರಗಳನ್ನು ಒಂದೊಂದಾಗಿ ಹಾಸಿ, ಪ್ರತಿಯೊಂದನ್ನೂ ಅಂಗೈಯಿಂದ ತೀಡಿ, ನಾಲ್ಕು ಮೂಲೆಗೆ ಕಲ್ಲೋ ತಂಬಿಗೆಯೋ ಇಡಿ. ಮೊದಲು ಒಂದೊಂದು ಗೇಣಿಗೆ ಒಂದರಂತೆ ಉದ್ದುದ್ದ ಕಚ್ಚಾ ಟಾಕೆ ಹಾಕಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಕೌದಿ ಸುಕ್ಕು ಬೀಳದೆ ಉಳಿದದ್ದನ್ನು ನಾನು ಕಂಡಿಲ್ಲ. ಆಮೇಲೆ ದಪ್ಪ ಹತ್ತಿ ದಾರ, ಉದ್ದನೆಯ ಸೂಜಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ ಸರಿ, ಸೀರೆಗೆ ದೊಡ್ಡ ತೂತು ಮಾಡುತ್ತದೆ. ಹೊರ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬನ್ನಿ. ಗೆರೆಗೂ ಗೆರೆಗೂ ಒಂದು ಬೆರಳಿನ ಅಂತರ ಸಾಕು, ಟಾಕೆ ಜೋಳದ ಕಾಳಿಗಿಂತ ಚಿಕ್ಕದಿರಬೇಕಿಲ್ಲ. ಪ್ರತಿ ಸುತ್ತಿಗೂ ಒಳಗಿನ ಅರಿವೆಯನ್ನು ನಡುವಿನ ಕಡೆಗೆ ತೀಡುತ್ತಾ ಹೋಗಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದರೆ ನಿಮಗೆ ಈ ಸುತ್ತಿನ ಹೊಲಿಗೆ ಥಟ್ಟನೆ ತಿಳಿಯುತ್ತದೆ. ಅವರು ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ತುಂಡಿನ ಅಂಚು ಮಡಚಿ ಇಟ್ಟು, ಹೊಲಿದು, ಮತ್ತೊಂದು ತುಂಡು ಇಟ್ಟು, ಹೊಲಿಯುತ್ತಾ ಸುತ್ತಿಕೊಂಡು ಒಳಗೆ ಬರುತ್ತಾರೆ. ತುಂಡು ಜೋಡಿಸುವುದು, ಪದರ ಬಿಗಿಯುವುದು ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ಮೂಲೆಗೆ ಮುಕ್ಕೋನಾಗಿ ಮಡಚಿದ ತುಂಡುಗಳನ್ನು ಹೂವಿನಂತೆ ಸಿಕ್ಕಿಸುತ್ತಾರೆ, ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ನಮ್ಮ ಕಡೆ ಊರೂರಿಗೆ ಬಂದು ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳ ಕೈ ಬೇರೆ, ಅವರದು ದೊಡ್ಡ ತುಂಡು, ನೇರ ಗೆರೆ, ಭರಭರ ಕೆಲಸ. ಯಾರಾದರೂ ಬಂದರೆ ಕೆಲಸ ಕೊಟ್ಟು, ಪಕ್ಕದಲ್ಲಿ ಕೂತು ಅವರ ಬೆರಳನ್ನು ನೋಡಿ. ನಾನು ಎಷ್ಟು ಬರೆದರೂ ಅದರ ಕಾಲುಭಾಗ ಬರುವುದಿಲ್ಲ.

ಅಂಚಿಗೆ ಸೀರೆಯ ದಡಿಯನ್ನೇ ಪಟ್ಟಿ ಮಾಡಿ ಸುತ್ತಿ. ಕೌದಿ ಸವೆಯುವುದು ಅಂಚಿನಿಂದ. ಹಾಸಿಗೆಗಳನ್ನೆಲ್ಲ ಮಹಾನವಮಿಗೆ ಮುಂಚೆ ಹೊರಗೆ ಹಾಕಿ ಒಗೆಯುವ ರೂಢಿ ನಿಮ್ಮಲ್ಲೂ ಇರುತ್ತದೆ. ಒಗೆದ ಕೌದಿಯನ್ನು ಹಗ್ಗಕ್ಕೆ ಜೋತು ಹಾಕಬೇಡಿ. ನೀರು ಕುಡಿದ ಭಾರಕ್ಕೆ ಟಾಕೆಗಳು ಜಗ್ಗಿ ಪದರ ಮತ್ತೆ ಸರಿಯುತ್ತವೆ. ಕಲ್ಲಿನ ಮೇಲೋ ಮಾಳಿಗೆಯ ಮೇಲೋ ಹಾಸಿ ಒಣಗಿಸಿ.

ಈಗ ಗಂಟಿನ ಮಾತು. ಹೆಚ್ಚಿನವರು ಮೊದಲು "ಚೀಲ ಹೊಲಿಯಬೇಕು" ಅಂತ ಮನಸ್ಸು ಮಾಡಿ ಆಮೇಲೆ ಅರಿವೆ ಹುಡುಕುತ್ತಾರೆ. ಹಳೇ ಅರಿವೆಯಲ್ಲಿ ಇದು ತಿರುಗಾಮುರುಗಾ ಆಗಬೇಕು. ಮೊದಲು ಅದರಲ್ಲಿ ಎಷ್ಟು ಕಸುವು ಉಳಿದಿದೆ, ಯಾವ ನೂಲು ಅದು ಅಂತ ನೋಡಿ, ಆಮೇಲೆ ಅದು ಏನಾಗಬಲ್ಲದು ಅಂತ ನಿರ್ಧಾರ ಮಾಡಿ. ಬಿಸಿಲಿಗೆ ಎದುರು ಹಿಡಿದರೆ ಸವೆದ ಜಾಗ ಜರಡಿ ಜರಡಿಯಾಗಿ ಕಾಣುತ್ತದೆ. ಆಮೇಲೆ ಎರಡು ಹೆಬ್ಬೆರಳನ್ನು ಜೋಡಿಸಿಟ್ಟು ಅರಿವೆಯನ್ನು ಉದ್ದಕ್ಕೂ ಅಡ್ಡಕ್ಕೂ ಜಗ್ಗಿ. ಎದುರಾಡಿದರೆ ಅದು ಚೀಲಕ್ಕೋ ಕೌದಿಯ ಮೇಲ್ಪದರಕ್ಕೋ ಆಗುತ್ತದೆ. ಸದ್ದಿಲ್ಲದೆ ಬಿಟ್ಟುಕೊಂಡರೆ ಅದಕ್ಕೆ ಹೊಲಿಗೆಯ ಕೂಲಿ ದಂಡ ಮಾಡಬೇಡಿ, ಚೌಕ ಕತ್ತರಿಸಿ ಒರೆಸುವ ಅರಿವೆ ಮಾಡಿ, ಸೈಕಲ್ಲಿಗೋ ಲಾಟೀನಿನ ಗಾಜಿಗೋ ಆಗಲಿ.

ನೂಲು ಯಾವುದು ಅಂತ ತಿಳಿಯಲು ಸುಟ್ಟು ನೋಡುವುದೇ ಸರಿ. ಅರಿವೆಯ ಒಳ ಅಂಚಿನಿಂದ ಎರಡು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ತಾಟಿನ ಮೇಲೆ ಕಡ್ಡಿ ಕೊರೆದು ಹಚ್ಚಿ. ಪಕ್ಕದಲ್ಲಿ ತಂಬಿಗೆ ನೀರು ಇರಲಿ, ಮಕ್ಕಳು ದೂರ ಇರಲಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೇ ಉಣ್ಣೆ. ಬೆಂಕಿ ಕಂಡೊಡನೆ ಹಿಂದೆ ಸರಿದು, ಕರಗಿ, ಗಟ್ಟಿ ಕರೀ ಮಣಿಯಾದರೆ ಪಾಲಿಸ್ಟರ್. ಬೂದಿಯೂ ಮಣಿಯೂ ಎರಡೂ ಸಿಕ್ಕರೆ ಬೆರಕೆ. ಸೊಲ್ಲಾಪುರದಲ್ಲಿ ತಯಾರಾಗುವ ಶಾಲೆಯ ಯುನಿಫಾರ್ಮಿನ ಅರಿವೆಯಲ್ಲಿ ಬಹುತೇಕ ಬೆರಕೆಯೇ. ಅದು ಗಟ್ಟಿ ಹೌದು, ನೀರು ಹೀರುವುದರಲ್ಲಿ ಹಿಂದೆ.

ಈ ಪರೀಕ್ಷೆಯ ಮೇಲೆ ನಾನು ಇಷ್ಟು ಜೋರು ಕೊಡುವುದು ಬಿಸಿ ಪಾತ್ರೆ ಹಿಡಿದು ಇಳಿಸುವ ಮಸಿ ಅರಿವೆಯ ಸಲುವಾಗಿ. ಒಲೆಯ ಹತ್ತಿರ ಬಳಸುವ ಯಾವುದಕ್ಕೂ, ಮೇಲಕ್ಕಾಗಲಿ ಒಳಪದರಕ್ಕಾಗಲಿ ದಾರಕ್ಕಾಗಲಿ, ಪಾಲಿಸ್ಟರ್ ಸಲ್ಲದು. ಅದು 250 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಕರಗುತ್ತದೆ, ಗ್ಯಾಸಿನ ಉರಿ ಅದಕ್ಕಿಂತ ಎಷ್ಟೋ ಬಿಸಿ. ಹತ್ತಿ ಸುಟ್ಟರೂ ಕರಗುವುದಿಲ್ಲ, ಕರಗಿದ ಪಾಲಿಸ್ಟರ್ ಚರ್ಮಕ್ಕೆ ಅಂಟುತ್ತದೆ. ಈಗಿನ ಮಕ್ಕಳ ಜೀನ್ಸು ಜಗ್ಗಿದರೆ ರಬ್ಬರಿನಂತೆ ಹಿಗ್ಗುತ್ತದಲ್ಲ, ಅದರಲ್ಲೂ ಬೇರೆ ನೂಲು ಬೆರೆತಿರುತ್ತದೆ. ಸುಟ್ಟು ನೋಡದೆ ಅದನ್ನು ಒಲೆಯ ಹತ್ತಿರ ತರಬೇಡಿ. ಹಿಗ್ಗದ ಹಳೇ ಜೀನ್ಸು ಸಿಕ್ಕರೆ ಎಂಟು ಇಂಚಿನ ಎರಡು ಚೌಕ ಹೊರಗೆ, ಸವೆದ ಟರ್ಕಿಶ್ ಟವೆಲ್ಲಿನ ಎರಡು ಚೌಕ ಒಳಗೆ ಇಟ್ಟು, ಮೂಲೆಯಿಂದ ಮೂಲೆಗೆ ಎರಡೇ ಗೆರೆ ಹೊಲಿದು ಅಂಚು ಕಟ್ಟಿ. ಗೆರೆ ಹೆಚ್ಚು ಹಾಕಿದಷ್ಟೂ ಟವೆಲ್ಲಿನ ಉಬ್ಬು ಚಪ್ಪಟೆಯಾಗುತ್ತದೆ, ಬಿಸಿ ತಡೆಯುವುದು ಆ ಉಬ್ಬಿನೊಳಗಿನ ಗಾಳಿಯೇ. ಎರಡು ಚೌಕವನ್ನು ಎರಡಡಿ ಪಟ್ಟಿಯಿಂದ ಜೋಡಿಸಿ ಹೆಗಲಿಗೆ ಹಾಕಿಕೊಂಡರೆ ಒಂದು ಕಡೆ ಹುಡುಕಿ ಇನ್ನೊಂದು ಕಡೆ ಸಾರು ಉಕ್ಕಿಸುವುದು ತಪ್ಪುತ್ತದೆ. ಒದ್ದೆ ಮಸಿ ಅರಿವೆಯಿಂದ ಪಾತ್ರೆ ಇಳಿಸಬೇಡಿ, ನೀರಿನ ಮೂಲಕ ಬಿಸಿ ತಟ್ಟನೆ ಕೈಗೆ ಬರುತ್ತದೆ.

ಮಾವನವರ ಧೋತರಕ್ಕೆ ಅಡುಗೆಮನೆಯಲ್ಲಿ ನಾಲ್ಕೈದು ಕೆಲಸ ಕಾದಿವೆ. ಬಹಳ ಸಲ ಒಗೆದ ಬಿಳೀ ಹತ್ತಿಯಷ್ಟು ಚೆನ್ನಾಗಿ ನೀರು ಹೀರುವ ಅರಿವೆ ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದರಲ್ಲಿ ಗಂಜಿ ಇರುತ್ತದೆ. ಎರಡಡಿ ಚೌಕ ಎರಡು ಪದರ ಹೊಲಿದರೆ ರೊಟ್ಟಿ ಬುಟ್ಟಿಗೆ ಹಾಸಲು ಆಯಿತು. ಬಿಸಿ ಜೋಳದ ರೊಟ್ಟಿಯ ಹಬೆಯನ್ನು ಅದು ಹೀರಿಕೊಳ್ಳುತ್ತದೆ, ತಳದ ರೊಟ್ಟಿ ಬೆವರಿ ಜಿಬ್ಬಾಗುವುದಿಲ್ಲ. ಮಡಕಿ ಕಾಳು ಮೊಳಕೆ ಕಟ್ಟಲು, ಶ್ರೀಖಂಡಕ್ಕೆ ಮೊಸರು ತೂಗುಹಾಕಲು ಲಾಡಿ ಏರಿಸಿದ ಸಣ್ಣ ಸಂಚಿ ಹೊಲಿಯಿರಿ. ಒಳಗಿನ ಹೊಲಿಗೆಯಲ್ಲಿ ಎಳೆ ಬಿಚ್ಚಿಕೊಂಡು ಕಾಳಿಗೆ ಅಂಟಬಾರದು. ಅದಕ್ಕೆ ಮೊದಲು ಸುಲ್ಟಾ ಕಡೆ ಕಾಲಿಂಚಿಗೆ ಹೊಲಿದು, ತಿರುಗಿಸಿ, ಉಲ್ಟಾ ಕಡೆಯಿಂದ ಇನ್ನೊಂದು ಹೊಲಿಗೆ ಹಾಕಿ ಅಂಚನ್ನು ಒಳಗೇ ಮುಚ್ಚಿಬಿಡಿ. ತಿನ್ನುವ ಪದಾರ್ಥಕ್ಕೆ ಬಣ್ಣದ ಅರಿವೆ ಬೇಡ. ಮೊದಲ ಬಳಕೆಗೆ ಮುಂಚೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಿಸಿಲಿಗೆ ಒಣಗಿಸಿ.

ನಿಮ್ಮ ಕಡೆಯ ಒಣ ಬೇಸಿಗೆಗೆ ಇನ್ನೊಂದಿದೆ. ಹೊಲಕ್ಕೆ ಒಯ್ಯುವ ನೀರಿನ ಬಾಟಲಿಗೆ ಧೋತರದ ಎರಡು ಪದರದ ತೊಡುಗೆ ಹೊಲಿದು, ಲಾಡಿ ಕಟ್ಟಿ, ನೀರಿನಲ್ಲಿ ಅದ್ದಿ ನೆರಳಿನಲ್ಲಿ ತೂಗುಹಾಕಿ. ಅರಿವೆಯ ನೀರು ಆರುವಾಗ ಬಾಟಲಿಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಜತ್ತ, ಮಂಗಳವೇಢೆ, ಅಕ್ಕಲಕೋಟೆಯ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಾಸರಗೋಡಿನ ಓದುಗರು ಇದನ್ನು ಮಾಡಿ ನನ್ನನ್ನು ಬೈಯಬೇಡಿ, ಕಡಲ ತಡಿಯ ತೇವದಲ್ಲಿ ಅರಿವೆ ಬೇಗ ಆರುವುದೇ ಇಲ್ಲ. ಇದಕ್ಕೂ ಹತ್ತಿಯೇ ಬೇಕು, ಪಾಲಿಸ್ಟರ್ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರಿನ ಹರವಿಯ ಕೆಳಗೆ ಇಡುವ ಸಿಂಬಿಗೆ ಮಾತ್ರ ಯಾವ ಹರುಕಾದರೂ ನಡೆಯುತ್ತದೆ, ಒಳಗೆ ಹರುಕು ಸುರುಳಿ ಸುತ್ತಿ ಮೇಲೆ ಒಂದು ಗಟ್ಟಿ ಪಟ್ಟಿ ಸುತ್ತಿದರೆ ಮುಗಿಯಿತು.

ಪಾಲಿಸ್ಟರ್ ಸೀರೆಗಳನ್ನು ಇಷ್ಟು ಹೊತ್ತು ದೂರ ಇಟ್ಟೆ. ಅವಕ್ಕೂ ಅವುಗಳದೇ ಜಾಗ ಇದೆ. ಬೇಗ ಒಣಗುತ್ತವೆ, ಕೊಳೆಯುವುದಿಲ್ಲ, ಬಿಸಿಲಿಗೆ ಹತ್ತಿಗಿಂತ ಹೆಚ್ಚು ತಡೆಯುತ್ತವೆ. ದಾಳಿಂಬೆ ತೋಟದವರು ಗಿಡಕ್ಕೆ ಬಿಸಿಲು ತಾಕದಂತೆ ಹಳೇ ಸೀರೆ ಹೊದಿಸುವುದನ್ನು ನೋಡಿರುತ್ತೀರಿ, ಅದು ಸುಮ್ಮನೆ ಬಂದ ರೂಢಿಯಲ್ಲ. ಪಡುವಣ ಕಿಟಕಿಯ ಪರದೆ, ಮಿಕ್ಸರಿನ ಮತ್ತು ಹೊಲಿಗೆ ಮಷಿನ್ನಿನ ಮುಸುಕು, ಧೂಳಿಗೆ ಮುಚ್ಚುವ ಹಾಸಿಗೆಯ ಗವಸು, ಪರ್ಸಿನಲ್ಲಿ ಮಡಚಿ ಇಡುವ ತೆಳು ಚೀಲ ಇವಕ್ಕೆ ಅದೇ ಸರಿ. ಕೌದಿಗೆ ಬೇಡ. ಬೆವರು ಹೀರುವುದಿಲ್ಲ, ಹೊದಿಕೆ ಮೈಮೇಲೆ ನಿಲ್ಲದೆ ಜಾರುತ್ತದೆ.

ಸಂತೆಯ ಚೀಲಕ್ಕೆ ಮನೆಯವರ ಹಳೇ ಪ್ಯಾಂಟು ತೆಗೆದುಕೊಳ್ಳಿ, ಮಕ್ಕಳ ಜೀನ್ಸಿನಲ್ಲಿ ಅಷ್ಟು ದೊಡ್ಡ ತುಂಡು ಸಿಗುವುದಿಲ್ಲ. ಮೊಳಕಾಲಿನ ಮುಂಭಾಗ ಸವೆದಿರುತ್ತದೆ, ಹಿಂಭಾಗ ಹೊಸದರಂತೆ ಇರುತ್ತದೆ. ಮನೆಯಲ್ಲಿ ಹೊಲಿದ ಚೀಲ ಹರಿಯುವುದು ಹಿಡಿಕೆ ಕೂಡುವಲ್ಲಿ, ಯಾಕೆಂದರೆ ಎಲ್ಲರೂ ಹಿಡಿಕೆಯನ್ನು ಬಾಯಿಗೆ ಎರಡಿಂಚು ಹೊಲಿದು ಬಿಡುತ್ತಾರೆ. ಹಿಡಿಕೆಯ ಪಟ್ಟಿ ಚೀಲದ ತಳವನ್ನು ಸುತ್ತಿ ಬರಬೇಕು. ಮುಂದೆ ಕೆಳಗಿನಿಂದ ಮೇಲೆ ಏರಿ, ಹಿಡಿಕೆಯಾಗಿ ಬಾಗಿ, ಮತ್ತೆ ಕೆಳಗಿಳಿದು, ತಳದಡಿ ದಾಟಿ, ಹಿಂದೆಯೂ ಹಾಗೇ ಬಂದು ಮೊದಲ ತುದಿಗೆ ಕೂಡುವ ಒಂದೇ ಬಳೆ. ಆಗ ಐದು ಕಿಲೋ ಉಳ್ಳಾಗಡ್ಡಿಯನ್ನು ಪಟ್ಟಿ ಹೊರುತ್ತದೆ, ಚೀಲದ ಅರಿವೆ ಬರೀ ಹಿಡಿದಿಟ್ಟುಕೊಳ್ಳುತ್ತದೆ. 16 ಇಂಚು ಎತ್ತರ, ನಾಲ್ಕು ಇಂಚು ತಳ, 20 ಇಂಚಿನ ಹಿಡಿಕೆಗೆ ಸುಮಾರು ಒಂಬತ್ತೂವರೆ ಅಡಿ ಪಟ್ಟಿ ಬೇಕು. ಪಾಲಿಸ್ಟರ್ ಸೀರೆಯ ಅಂಚನ್ನು ನಾಲ್ಕು ಮಡಿಕೆ ಮಾಡಿದರೆ ಇದಕ್ಕೆ ಚೆನ್ನ. ಬಾಯಿಯ ಹತ್ತಿರ ಪಟ್ಟಿಯ ಮೇಲೆ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಹೊಲಿಗೆ ಹಾಕಿ. ತಳ ಅಗಲವಾಗಲು, ಚೀಲ ತಿರುವಿಹಾಕಿದಾಗ ಕೆಳಮೂಲೆಯನ್ನು ಮುಕ್ಕೋನಾಗಿ ಹಿಡಿದು ನಾಲ್ಕು ಇಂಚು ಅಗಲ ಇರುವಲ್ಲಿ ಅಡ್ಡ ಹೊಲಿಯಿರಿ. ಇದನ್ನು ಪಟ್ಟಿ ಕೂಡಿಸುವ ಮೊದಲೇ ಮಾಡಬೇಕು. ಮಕ್ಕಳ ಜೀನ್ಸಿನ ಕಿಸೆಗಳನ್ನು ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ ಒಂದು ಗಟ್ಟಿ ಅರಿವೆಯ ಮೇಲೆ ಸಾಲಾಗಿ ಹೊಲಿದು ಗೋಡೆಗೆ ತೂಗುಹಾಕಿ. ಕತ್ತರಿ, ಟೇಪು, ಬಾಬಿನ್, ಮೊಬೈಲಿನ ಚಾರ್ಜರು ಇನ್ನು ಮಂಚದ ಕೆಳಗೆ ಹುಡುಕಬೇಕಿಲ್ಲ.

ಅಂಗಿಯಿಂದ ದಿಂಬಿನ ಗವಸು ಹೊಲಿಯುವ ವಿಡಿಯೊಗಳು ಬಹಳ ಓಡಾಡುತ್ತವೆ. ಗುಂಡಿಯ ಪಟ್ಟಿಯೇ ಗವಸಿನ ಬಾಯಿಯಾಗುತ್ತದೆ, ಬೇರೆ ಚೈನು ಹಚ್ಚಬೇಕಿಲ್ಲ, ಅದು ನಿಜ. ಆದರೆ ಬಗಲಿನ ಕೆಳಗೆ ಅಂಗಿಯಲ್ಲಿ ನೇರವಾಗಿ ಸಿಗುವುದು 15 ಇಂಚಿನ ಚೌಕವಷ್ಟೇ. ಮಕ್ಕಳ ದಿಂಬಿಗೆ, ಕುರ್ಚಿಯ ದಿಂಬಿಗೆ ಸಾಕು, ಮಲಗುವ ದೊಡ್ಡ ದಿಂಬಿಗೆ ಎರಡು ಅಂಗಿಯ ಬೆನ್ನು ಸೇರಿಸಬೇಕು. ಕತ್ತರಿಸುವಾಗ ಗುಂಡಿ ಹಾಕಿಕೊಂಡೇ ಎರಡೂ ಪದರ ಒಟ್ಟಿಗೆ ಕತ್ತರಿಸಿ.

ಟೀ ಶರ್ಟು ಹೆಣೆದ ಅರಿವೆ. ಸಾದಾ ಹೊಲಿಗೆಯಲ್ಲಿ ಅದು ಹಿಗ್ಗಿ ಅಲೆಅಲೆಯಾಗುತ್ತದೆ, ಜಗ್ಗಿದರೆ ದಾರ ಪಟ್ ಅನ್ನುತ್ತದೆ. ಅದನ್ನು ಮಷಿನ್ನಿಗೆ ಒಯ್ಯುವ ಗೊಡವೆಯೇ ಬೇಡ. ಒಂದೂವರೆ ಇಂಚಿನ ಪಟ್ಟಿ ಕತ್ತರಿಸಿ ಒಮ್ಮೆ ಜಗ್ಗಿ ಬಿಟ್ಟರೆ ಅಂಚು ತಾನೇ ಸುತ್ತಿಕೊಂಡು ಹಗ್ಗದಂತಾಗುತ್ತದೆ. ಮೂರೆಳೆ ಜಡೆ ಹೆಣೆದು, ನೆಲದ ಮೇಲೆ ಸುರುಳಿ ಸುತ್ತುತ್ತಾ, ಪಕ್ಕದ ಸುತ್ತಿಗೆ ಕೈಯಿಂದ ಕೂಡಿಸಿಕೊಳ್ಳುತ್ತಾ ಹೋದರೆ ಬಚ್ಚಲಿನ ಬಾಗಿಲಿಗೆ ಕಾಲೊರಸು. ಸುರುಳಿ ಬಿಗಿದರೆ ನಡುವೆ ಟೊಪ್ಪಿಗೆಯಂತೆ ಉಬ್ಬುತ್ತದೆ, ಸಡಿಲ ಬಿಟ್ಟೇ ಸುತ್ತಿ. ನಯವಾದ ನೆಲದ ಮೇಲೆ ಜಾರದಂತೆ ಕೆಳಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು ಹೊಲಿಯಿರಿ.

ಕೂಸುಗಳಿಗೆ ಹಳೇ ಮೆತ್ತನೆಯ ಹತ್ತಿಯಲ್ಲೇ ದುಪ್ಪಟಿ, ಕುಂಚಿಗೆ ಹೊಲಿಯುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದೇ. ಮೈಗೆ ತಾಗುವ ಕಡೆ ಹೊಲಿಗೆಯ ದಿಂಡು ಬಾರದಿರಲಿ, ಕುಂಚಿಗೆಗೆ ಲಾಡಿ ಗಿಡ್ಡಾಗಿರಲಿ, ಗುಂಡಿ, ಮಣಿ, ಟಿಕಲಿ ಯಾವುದೂ ಬೇಡ.

ಅತ್ತೆಯವರ ಇಲಕಲ್ ಸೀರೆಗೆ ಕತ್ತರಿ ಹಾಕುವ ಮೊದಲು ಅವರನ್ನೇ ಕರೆದು ಕೂರಿಸಿ, ಯಾವುದನ್ನು ಕತ್ತರಿಸಬಾರದು ಅಂತ ಅವರೇ ಹೇಳಲಿ. ಆಮೇಲಿನದು ತಾಂತ್ರಿಕ ಮಾತು. ಇಲಕಲ್ ಸೀರೆಯ ಮೈ ಮತ್ತು ಸೆರಗು ಒಂದೇ ಹಾಸಿನವಲ್ಲ, ಹಾಸು ಅಂದರೆ ಉದ್ದಕ್ಕೆ ಓಡುವ ಎಳೆ. ಮೈಯ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಎಳೆಯನ್ನು ಕೊಂಡಿ ಹಾಕಿ ಜೋಡಿಸಿ ನೇಯ್ದಿರುತ್ತಾರೆ. ಹಳೇ ಸೀರೆ ಈ ಕೊಂಡಿಯ ಸಾಲಿನ ಹತ್ತಿರವೂ ಬಿಡುವುದುಂಟು. ಅದಕ್ಕೆ ಮೈ ಬೇರೆ, ಸೆರಗು ಬೇರೆ ಮಾಡಿಕೊಂಡೇ ಕೆಲಸ ಶುರು ಮಾಡಿ. ಮೈಯ ಹತ್ತಿ ಕೌದಿಗೆ ಹೋಗಲಿ. ಆರ್ಟ್ ಸಿಲ್ಕ್ ಒದ್ದೆಯಾದಾಗ ಕಸುವು ಕಳೆದುಕೊಳ್ಳುವ ನೂಲು, ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಹೀಗಾಗಿ ಪದೇಪದೇ ಒಗೆಯುವ ವಸ್ತುವಿಗೆ ತೋಪು ತೆನಿ ವಿನ್ಯಾಸದ ಈ ಸೆರಗು ಹಾಕಿದರೆ ಅದು ಬೇಗ ಪಿಸಿಯುತ್ತದೆ. ಅದನ್ನು ದೇವರ ಗೂಡಿನ ಪರದೆಗೆ, ಗೋಡೆಯ ಚಿತ್ರಪಟಕ್ಕೆ, ಹಿಂದೆ ತೆಳು ಧೋತರದ ಅಸ್ತರ ಕೊಟ್ಟು ಬಳಸಿ. ಗೋಮಿ, ಚಿಕ್ಕಿಪರಾಸ ದಡಿಗಳು ಗಟ್ಟಿ ಇದ್ದರೆ ಪರದೆಯ ಕೆಳ ಅಂಚಿಗೆ ಬರಲಿ, ನೇಯ್ಗೆ ಬಿಗಿ ಇರುವುದರಿಂದ ಭಾರಕ್ಕೆ ಪರದೆ ಚೆನ್ನಾಗಿ ಇಳಿಬೀಳುತ್ತದೆ. ಹಾಗೆಯೇ ಗಂಟಿನಲ್ಲಿ ಸೊಲ್ಲಾಪುರಿ ಚಾದರ ಇದ್ದರೆ ಕತ್ತರಿಸಿದ ಕೂಡಲೇ ಅಂಚು ಕಟ್ಟಿ, ತಡ ಮಾಡಿದರೆ ಎಳೆ ಬಿಚ್ಚಿ ಅರ್ಧ ಗೇಣು ಹೋಗಿಬಿಡುತ್ತದೆ. ದಪ್ಪ ನೇಯ್ಗೆಯ ಆ ಚಾದರದ ತುಂಡು ಇಸ್ತ್ರಿ ಮಾಡುವಾಗ ಕೆಳಗೆ ಹಾಸಲು ಬಹಳ ಚೆನ್ನ, ಅದೂ ಹತ್ತಿ ಹೌದೋ ಅಲ್ಲವೋ ಸುಟ್ಟು ನೋಡಿದ ಮೇಲೆ.

ಹೊಸ ಮಷಿನ್ ಬೇಡ. ತುಳಿಯುವ ಮಷಿನ್ನಿಗೆ ದಪ್ಪ ಅರಿವೆ ಹೊಲಿಯುವ ಬಲ ಇದೆ. ಅನೇಕ ಪ್ಲಾಸ್ಟಿಕ್ ಮೈಯ ಹೊಸ ಮಷಿನ್‌ಗಳಿಗಿಂತ ಜೀನ್ಸಿಗೆ ಅದೇ ವಾಸಿ. ಬದಲಾಯಿಸಬೇಕಾದ್ದು ಸೂಜಿ. ತೆಳು ಸೀರೆಗೆ 11, ಅಂಗಿ, ಧೋತರಕ್ಕೆ 14, ಜೀನ್ಸಿಗೆ 16, ಜೀನ್ಸಿನ ನಾಲ್ಕು ಪದರ ಕೂಡಿದಲ್ಲಿ 18. ಜೀನ್ಸಿಗೆ ಟಾಕೆಯನ್ನು ಉದ್ದ ಮಾಡಿ, ಇಂಚಿಗೆ ಏಳೆಂಟು ಸಾಕು. ಹಳೇ ಹೊಲಿಗೆ ದಪ್ಪ ಕೂಡಿದ ಜಾಗ ಬಂದಾಗ ಅದನ್ನು ಮೊದಲೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಅಲ್ಲಿ ತುಳಿಯುವುದು ಬಿಟ್ಟು ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ದಾಟಿ. ಸೂಜಿ ಮುರಿಯುವುದು ಅಂಥಲ್ಲೇ. ನಿಮ್ಮ ಮಷಿನ್ನಿಗೆ ಜಿಗ್‌ಜಾಗ್ ಹೊಲಿಗೆ ಬಾರದಿದ್ದರೆ ಎಳೆ ಬಿಚ್ಚುವ ಅಂಚುಗಳನ್ನು ಒಟ್ಟಿಗೆ ಕೂಡಿಟ್ಟು ಒಂದೇ ಸಲ ಪೇಟೆಯ ಪಿಕೋ-ಫಾಲ್ ಅಂಗಡಿಗೆ ಒಯ್ಯಿರಿ. ಮತ್ತೆ ಒಂದು ಮಾತು, ಜೀನ್ಸು, ಟವೆಲ್ ಹೊಲಿದ ಮೇಲೆ ಹಲ್ಲಿನ ಕೆಳಗೆ, ಬಾಬಿನ್ ಕೇಸಿನ ಸುತ್ತ ಜುಂಗು ತುಂಬಿರುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆಯದೆ ಎಣ್ಣೆ ಬಿಟ್ಟರೆ ಎರಡೂ ಸೇರಿ ಗಸಿಯಾಗಿ ಮಷಿನ್ ಬಿಗಿಯುತ್ತದೆ. ಮೊದಲು ಬ್ರಷ್ಷು, ಆಮೇಲೆ ಎಣ್ಣೆ, ಆಮೇಲೆ ಒಂದು ಹರುಕಿನ ಮೇಲೆ ನಾಲ್ಕು ಗೆರೆ ಖಾಲಿ ಹೊಲಿದು ಎಣ್ಣೆ ಒರೆಸಿಕೊಂಡ ಮೇಲೆಯೇ ಬಿಳೀ ಧೋತರ ಕೈಗೆತ್ತಿಕೊಳ್ಳಿ.